ಇಲಿ ಸಣ್ಣದಾಗುತ್ತ ಹೋದ ಸುಗ್ಗಿ

ಆ ಕ್ಯಾಮೆರಾದ ಚೀಲ ತೆರೆದರೆ ಇವತ್ತಿಗೂ ಸೀನು ಬರುತ್ತದೆ. ಹೋದ ತಿಂಗಳು ಅದನ್ನು ಸ್ವಚ್ಛ ಮಾಡಿಸಲೆಂದು ರಾಣೆಬೆನ್ನೂರಿನ ಸ್ಟುಡಿಯೋಕ್ಕೆ ಒಯ್ದಿದ್ದೆ. ಅಲ್ಲಿ ಈಗ ದಾದಾಪೀರ ಚಾಚಾ ಕೂರುವುದಿಲ್ಲ, ಅವರ ಅಳಿಯ ಕೂರುತ್ತಾನೆ. ಅವನಿಗೆ ನನ್ನ ಗುರುತಿಲ್ಲ. ಅವನು ಜಿಪ್ ಎಳೆದ. ಮೊದಲು ಅವನೇ ಸೀನಿದ. ಪಾಸ್‌ಪೋರ್ಟ್ ಫೋಟೊಕ್ಕೆಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ ಹಿರಿಯರೊಬ್ಬರು ಸೀನಿದರು. ಆಮೇಲೆ ನಾನು.

"ಕ್ಯಾಮೆರಾ ತಂದೀರೋ, ಖಾರಪುಡಿ ತಂದೀರೋ ಮೇಡಂ?"

"ಬ್ಯಾಡಗಿಯಿಂದ ತಂದೇನ್ರಿ" ಎಂದೆ. ಈ ಕಡೆ ಅಷ್ಟು ಹೇಳಿದರೆ ಸಾಕು.

ಆದರೆ ಚೀಲದೊಳಗೆ ಇರುವುದು ಮೆಣಸಿನಕಾಯಿಯ ವಾಸನೆಯೊಂದೇ ಅಲ್ಲ. ಸೀನು ಮುಗಿದು ಮೂಗು ತಿಳಿಯಾದ ಮೇಲೆ, ಅದರ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಏಳುತ್ತದೆ. ಹತ್ತಿ ಹಾಕಿ ಕುಟ್ಟಿದ ಕೆರೆಮಣ್ಣಿನದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಆ ಎರಡೂ ಕೂಡುವ ಜಾಗದಲ್ಲಿ ನನ್ನ ಒಂದು ಸುಗ್ಗಿ ಹಾಗೇ ಉಳಿದುಕೊಂಡಿದೆ. ಅಳಿಯ ಬ್ರಶ್ಶಿನಿಂದ ಕ್ಯಾಮೆರಾದ ಸಂದಿಗಳನ್ನು ಗುಡಿಸುತ್ತಿದ್ದ. ಕೆಂಪು ಪುಡಿ ಉದುರುತ್ತಿತ್ತು. ನಾನು ಕೂತಲ್ಲೇ ನಮ್ಮ ಹಳೆಯ ಬಾಡಿಗೆ ಮನೆಯ ಕಿಟಕಿಯ ಹತ್ತಿರ ಹೋಗಿಬಿಟ್ಟಿದ್ದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಅವ್ವ ವ್ಯಾಪಾರಸ್ಥರ ಕಣದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಅಪ್ಪ ಗಣಪತಿ ಮಾಡಿ ನನ್ನನ್ನು ಬಿ.ಎಸ್ಸಿ., ಆಮೇಲೆ ಬಿ.ಇಡಿ. ಓದಿಸಿದರು. ಅವ್ವ ನನ್ನ ಪುಸ್ತಕ ಮುಟ್ಟುತ್ತಿರಲಿಲ್ಲ. ಅವಳ ಕೈಯ ಖಾರ ಹಾಳೆಗೆ ಹತ್ತಿ, ಹಾಳೆಯಿಂದ ನನ್ನ ಕಣ್ಣಿಗೆ ಹತ್ತೀತೆಂದು. ಅಪ್ಪ ನನ್ನನ್ನು ಶಾಲೆಗೆ ಸೇರಿಸಿದ ದಿನ ಫಾರ್ಮಿನ ಮೇಲೆ ಹೆಬ್ಬೆಟ್ಟು ಒತ್ತಿದ್ದ. ಪಕ್ಕದಲ್ಲಿದ್ದವರು ಸಹಿ ಮಾಡುತ್ತಿದ್ದರಂತೆ. ಆ ಮಸಿ ಹೋಗಲೆಂದು ಮನೆಗೆ ಬಂದು ಹೆಬ್ಬೆರಳನ್ನು ಗೋಡೆಗೆ ತಿಕ್ಕಿದನಂತೆ. ಅವ್ವ ಇದನ್ನು ನಗುತ್ತ ಹೇಳುತ್ತಿದ್ದಳು, ಅಪ್ಪ ನಗುತ್ತಿರಲಿಲ್ಲ.

ನಾನು ಹೇಳುತ್ತಿರುವ ಸುಗ್ಗಿಯಲ್ಲಿ ನನಗೆ ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕು ಎರಡನೆಯ ವರ್ಷ. ದಿನಾ ಬ್ಯಾಡಗಿಯಿಂದ ಬಸ್ಸು. ಸಂಜೆ ತಿರುಗಿ ಬರುವಾಗ ಊರು ಇನ್ನೂ ಒಂದಿಷ್ಟು ದೂರ ಇರುವಾಗಲೇ ಬಸ್ಸಿನಲ್ಲಿ ನಿದ್ದೆ ಹೋದವರೆಲ್ಲ ಕೆಮ್ಮಿ ಎದ್ದು ಕೂರುತ್ತಿದ್ದರು. ಕಂಡಕ್ಟರ್ ಬ್ಯಾಡಗಿ ಎಂದು ಕೂಗುವ ಅಗತ್ಯವೇ ಇರಲಿಲ್ಲ.

ಅಪ್ಪನ ಹೆಸರು ಮೌನೇಶಪ್ಪ. ಊರಿನವರಿಗೆ ಗಣಪ್ಪನ ಮೌನೇಶಪ್ಪ. ಅಚ್ಚು ಮುಟ್ಟಿದವನಲ್ಲ, ಎಲ್ಲ ಕೈಯಿಂದಲೇ. ಮೂರ್ತಿ ಆದ ಮೇಲೆ ಒದ್ದೆ ಬಟ್ಟೆ ತಗೊಂಡು ಒರೆಸಿ ಒರೆಸಿ ಒಂದು ಬೆರಳಿನ ಗುರುತೂ ಇಲ್ಲದ ಹಾಗೆ ನುಣುಪು ಮಾಡುತ್ತಿದ್ದ. "ಗಣಪ್ಪನ ಮೈಮ್ಯಾಲೆ ಮೌನೇಶನ ಹೆಬ್ಬೆಟ್ಟ ಕಾಣಬಾರದು" ಎನ್ನುತ್ತಿದ್ದ. ಚೌತಿಯ ಹಿಂದಿನ ದಿನ ನಸುಕಿನಲ್ಲಿ ಜಳಕ ಮಾಡಿ, ಏನೂ ತಿನ್ನದೆ, ಸಾಲಾಗಿ ಇಟ್ಟ ಗಣಪತಿಗಳಿಗೆ ಕಣ್ಣು ಬರೆಯುತ್ತಿದ್ದ. ಕಣ್ಣು ಬರೆಯುವುದು ಕಟ್ಟಕಡೆಯ ಕೆಲಸ. ಬರೆದ ಮೇಲೆ ಕೈ ಹಚ್ಚುವಂತಿಲ್ಲ. ಅಲ್ಲಿಂದ ಮುಂದೆ ಅದು ಮಣ್ಣಲ್ಲ.

ಆ ಸುಗ್ಗಿಯ ಹಿಂದಿನ ಚೌತಿಯಲ್ಲಿ ಅವನ ಬಲಗೈ ನಡುಗಿತು. ಮೊದಲೇ ಸಣ್ಣಗೆ ನಡುಗುತ್ತಿತ್ತಂತೆ, ನಮಗೆ ಹೇಳಿರಲಿಲ್ಲ. ಕೊನೆಯ ಮೂರ್ತಿಯ ಎಡಗಣ್ಣಿನ ಗೆರೆ ಕುಂಚದಿಂದ ಜಾರಿ ಹಣೆಯ ತನಕ ಹೋಯಿತು. ಬರೆದದ್ದನ್ನು ಅಳಿಸುವಂತಿಲ್ಲವಲ್ಲ. ಅಪ್ಪ ಅದರ ಮೇಲೆ ತನ್ನ ಟವೆಲ್ ಹೊದಿಸಿ, ಯಾರಿಗೂ ಕೊಡದೆ, ತಾನೇ ಎತ್ತಿಕೊಂಡು ಹೋಗಿ ಕೆರೆಗೆ ಬಿಟ್ಟು ಬಂದ. ನರದ ಕಾಯಿಲೆ ಎಂದರು ಡಾಕ್ಟರು, ಗುಳಿಗೆ ಬರೆದುಕೊಟ್ಟರು. ಗುಳಿಗೆಯಿಂದ ನಡುಕ ಅರ್ಧ ಇಳಿಯಿತು. ಆದರೆ ಅಪ್ಪ ಮತ್ತೆ ಮಣ್ಣು ಮುಟ್ಟಲಿಲ್ಲ. ಮುಂದಿನ ವರ್ಷಕ್ಕೆಂದು ತಂದು ಹಾಕಿದ್ದ ಮಣ್ಣಿನ ಗುಡ್ಡೆ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಒಣಗಿ ಬಿರಿಯಿತು. ಅವನು ಬಲಗೈಯನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂರತೊಡಗಿದ, ಕದ್ದ ವಸ್ತು ಬಚ್ಚಿಟ್ಟುಕೊಂಡವನ ಹಾಗೆ. ಆ ಕೈ ಅಲ್ಲಿಂದ ಹೊರಗೆ ಬರಬೇಕು. ಆ ವರ್ಷ ನನಗೆ ಬೇಕಾಗಿದ್ದದ್ದು ಅಷ್ಟೇ.

ಶಾಲೆಯಲ್ಲಿ ಒಂದು ದಿನ, ಅಗಡಿಯಿಂದ ಬರುವ ನನ್ನ ಜೊತೆಯ ಟೀಚರ್ ತನ್ನ ಫೋನಿನಲ್ಲಿ ಮಣ್ಣಿನ ಗೊಂಬೆಯೊಂದು ತಾನೇ ನಡೆಯುವ ಪಿಕ್ಚರ್ ತೋರಿಸಿದಳು. ಹೇಗೆ ನಡೆಯುತ್ತದೆ ಎಂದು ಮಕ್ಕಳು ಕೇಳಿದರು. ನಾನು ವಿವರಿಸಿದೆ: ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಬೇಕು, ಕೈ ತೆಗೆಯಬೇಕು, ಫೋಟೊ ಹೊಡೆಯಬೇಕು. ಮತ್ತೆ ಸರಿಸಬೇಕು, ಕೈ ತೆಗೆಯಬೇಕು, ಫೋಟೊ. ಹನ್ನೆರಡು ಫೋಟೊ ಒಂದರ ಹಿಂದೆ ಒಂದು ಓಡಿದರೆ ಒಂದು ಸೆಕೆಂಡು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ನನ್ನದೇ ಮಾತು ತಿರುಗಿ ಕೇಳಿಸಿತು. ಕೈ ತೆಗೆಯಬೇಕು, ಫೋಟೊ ಹೊಡೆಯಬೇಕು. ಅಂದರೆ ಕೈ ಪಿಕ್ಚರಿನಲ್ಲಿ ಇರುವುದೇ ಇಲ್ಲ. ಅದು ನಡುಗಿದರೂ ಯಾರಿಗೂ ಕಾಣುವುದಿಲ್ಲ. ಹೊರಗೆ ಹೊಲಗಳ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ನನಗೆ ಮೋಟೆಬೆನ್ನೂರು ದಾಟಿದ್ದೇ ತಿಳಿಯಲಿಲ್ಲ.

"ಅಪ್ಪಾ, ನನಗ ಒಂದ ಇಲಿ ಮಾಡಿಕೊಡು."

"ಇಲಿ?" ಅಪ್ಪ ಕಟ್ಟೆಯಿಂದಲೇ ತಿರುಗಿದ. "ಗಣಪ್ಪನ ಇಲಿ ಮಾಡೋದು ಹೊಸದಾಗಿ ಕಲಿಯಾಕ ಬಂದವರ ಕೆಲಸ. ಡಿಗ್ರಿ ಮಾಡಿದ ಮಗಳು ಅಪ್ಪನ್ನ ತಿರುಗಿ ಒಂದನೇ ಇಯತ್ತೆಗೆ ಕುಂದ್ರಸ್ತಿ ಏನ?"

"ಮಾಡಿಕೊಡ್ರಿ ಅತ್ಲಾಗ" ಎಂದಳು ಅವ್ವ ಒಳಗಿನಿಂದ. "ಕಟ್ಟಿ ಮ್ಯಾಲೆ ಕುಂತು ಕಾಗಿನೆಲಿ ಬಸ್ ಎಷ್ಟ ಹೋದ್ವು ಅಂತ ಎಣಸೋದಕ್ಕಿಂತ ಚಲೋ ಐತಿ."

ಮೂಲೆಯ ಗುಡ್ಡೆಯನ್ನು ಅವನು ಮುಟ್ಟಲಾರನೆಂದು ನಾನೇ ಕೆರೆಯಿಂದ ಒಂದು ಬುಟ್ಟಿ ಮಣ್ಣು ತಂದು ಕಲಸಿಟ್ಟೆ. ಮೂರು ದಿನ ಅದು ಹಾಗೇ ಇತ್ತು. ನಾಲ್ಕನೆಯ ದಿನ ಶಾಲೆಯಿಂದ ಬಂದರೆ ಕಿಟಕಿಯ ಹತ್ತಿರ ಮಣೆಯ ಮೇಲೆ ಇಲಿ ಕೂತಿತ್ತು. ಒಳ್ಳೆ ಬದನೆಕಾಯಿಯಷ್ಟು ದಪ್ಪ. ಒಳಗೆ ತಂತಿ, ಹೊರಗೆ ಮಣ್ಣು, ಕಾಲು ಬಾಗುತ್ತಿದ್ದವು. ಮೈಯೆಲ್ಲ ಉಬ್ಬು ತಗ್ಗು, ಬೆನ್ನಿನ ಮೇಲೆ ಆಳವಾಗಿ ಒತ್ತಿದ ಹೆಬ್ಬೆಟ್ಟು. ಕಣ್ಣಿರಲಿಲ್ಲ.

"ಕಣ್ಣು?"

"ಕಣ್ಣ ಬರದ ಮ್ಯಾಲೆ ಕೈ ಹಚ್ಚಂಗಿಲ್ಲ. ನೀ ಇದನ್ನ ನಡಸ್ತೀನಿ ಅಂತಿ. ನಡಸೋ ತನಕ ಕುರುಡ ಇರಲಿ." ಇಷ್ಟು ಹೇಳಿ ಕೈಯನ್ನು ಕಂಕುಳಿಗೆ ಸೇರಿಸಿದ. ಕಣ್ಣು ಬರೆಯದಿರಲು ಇನ್ನೊಂದು ಕಾರಣವೂ ಇತ್ತು. ಅದು ಅವನ ಕಂಕುಳಲ್ಲಿ ನಡುಗುತ್ತಿತ್ತು.

ಕಥೆ ಇಷ್ಟೇ. ಗಣಪ್ಪ ಕೆರೆಗೆ ಹೋದ ಮೇಲೆ ಇಲಿ ಒಂದೇ ಉಳಿದಿದೆ. ಪಕ್ಕದಲ್ಲಿಟ್ಟ ಒಂದು ಕಡ್ಡಿಪೆಟ್ಟಿಗೆ, ಇಲಿ ಅದರಲ್ಲಿ ಹಿಡಿಸದಿದ್ದರೂ, ಅದರ ಮನೆ. ಮನೆಯಿಂದ ಹೊರಟು ಅದು ಕಿಟಕಿಯ ತನಕ ಬರುತ್ತದೆ. ಮುಂದೇನು ಎಂದು ನಾನು ಯೋಚಿಸಿರಲಿಲ್ಲ.

ಪುಸ್ತಕಗಳ ಪೇರಿಗೆ ಫೋನನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಶುರು ಮಾಡಿದೆ. ಕೈಯಲ್ಲಿ ಫೋನಿರುವಾಗ ಬೇರೆ ಕ್ಯಾಮೆರಾ ಯಾಕೆಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ. ಒಂದು ಭಾನುವಾರ ಪೂರ್ತಿ ಕೂತು ಅರವತ್ತು ಫೋಟೊ ಹೊಡೆದೆ. ಓಡಿಸಿ ನೋಡಿದರೆ ಇಲಿ ಒಮ್ಮೆ ಬೂದಿ ಬಣ್ಣ, ಒಮ್ಮೆ ನೀಲಿ, ಒಮ್ಮೆ ಹಸಿರು ಛಾಯೆ. ಮಣ್ಣಿನ ಬಣ್ಣ ಮಾತ್ರ ಇಲ್ಲ. ಬಹಳ ಹೊತ್ತು ತಲೆ ಕೆಡಿಸಿಕೊಂಡು ಕಿಟಕಿಯಿಂದ ಹೊರಗೆ ನೋಡಿದಾಗ ಕಾರಣ ಕಂಡಿತು. ನಮ್ಮ ಕಿಟಕಿಯ ಕೆಳಗೇ ಕಣ. ಬೆಳಿಗ್ಗೆ ಹೆಂಗಸರು ಮೆಣಸಿನಕಾಯಿ ಹರವುತ್ತಿದ್ದಂತೆ ಬಿಸಿಲು ಅದರ ಮೇಲೆ ಬಿದ್ದು ನಮ್ಮ ಕೋಣೆಯೊಳಗೆ ಕೆಂಪಗೆ ಬರುತ್ತಿತ್ತು. ಅವರು ಗುಡ್ಡೆ ಮಾಡಿದರೆ ಕೆಂಪು ಇಳಿಯುತ್ತಿತ್ತು, ಮತ್ತೆ ಹರವಿದರೆ ಏರುತ್ತಿತ್ತು. ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿತ್ತು. ಫೋನ್ ಒಗ್ಗಿರಲಿಲ್ಲ. ಇಷ್ಟೊಂದು ಕೆಂಪು ತಪ್ಪೆಂದು ತಾನೇ ತಿಳಿದು, ಪ್ರತಿ ಫೋಟೊದಲ್ಲೂ ತನ್ನಷ್ಟಕ್ಕೆ ತಿದ್ದುತ್ತಿತ್ತು.

ಅಪ್ಪ ಹಿಂದೆ ಬಂದು ನಿಂತು ನೋಡಿದ.

"ಯಾರದಿದು, ಇಷ್ಟ ನುಣ್ಣಂದು?"

"ನಿಂದ ಅಪ್ಪಾ. ನೀ ಮಾಡಿದ್ದ."

ಅವನು ಮಣೆಯ ಮೇಲಿನ ಇಲಿಯ ಬೆನ್ನು ಮುಟ್ಟಿದ. ಅಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು. ಫೋನಿನಲ್ಲಿ ಇರಲಿಲ್ಲ. ಫೋಟೊದಲ್ಲಿ ಮುಖದ ಕಲೆ ಅಳಿಸುವ ಹಾಗೆ ಅದನ್ನೂ ಅಳಿಸಿಬಿಟ್ಟಿತ್ತು.

"ಫೋನ್ ತಾನ ಒರಸೇತಿ" ಎಂದೆ.

"ಹಂಗಾರ ಅದು ನನಕಿಂತ ಚಲೋ ಕೆಲಸಗಾರ" ಎಂದು ಹೇಳಿ ಕಟ್ಟೆಗೆ ಹೋದ. ಆ ಮಾತನ್ನು ನಾನು ಅಷ್ಟಕ್ಕೇ ಬಿಟ್ಟೆ. ಬಿಡಬಾರದಿತ್ತು ಎಂದು ಆಮೇಲೆ ತಿಳಿಯಿತು.

ತಿದ್ದದ ಕ್ಯಾಮೆರಾ ಬೇಕಿತ್ತು. ಇಲಿಯನ್ನು ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಮಲಗಿಸಿಕೊಂಡು ಹಾವೇರಿಯ ದೊಡ್ಡ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಕ್ಯಾಮೆರಾಗಳು ಆಭರಣದ ಹಾಗೆ ಕೂತಿದ್ದವು. ಅಂಗಡಿಯವನು ಒಂದನ್ನು ತೆಗೆದು ಅದರ ಗುಣಗಾನ ಮಾಡಿದ. ಮುಖ ಹುಡುಕುತ್ತದೆ, ಕಣ್ಣು ಹುಡುಕುತ್ತದೆ, ನಕ್ಕರೆ ತಾನೇ ಫೋಟೊ ಹೊಡೆಯುತ್ತದೆ. ನಾನು ಡಬ್ಬಿ ತೆರೆದು ಇಲಿಯನ್ನು ಕೌಂಟರ್ ಮೇಲೆ ಇಟ್ಟೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮಣ್ಣಿಂದ್ರಿ. ಇದರ ಫೋಟೊ ಹೊಡೀರಿ."

ಕ್ಯಾಮೆರಾ ಗುರ್ ಎಂದಿತು. ಲೆನ್ಸು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಪರದೆಯ ಮೇಲೆ ಒಂದು ಹಳದಿ ಚೌಕ ಇಲಿಯನ್ನು ಬಿಟ್ಟು ಅಂಗಡಿಯ ಕ್ಯಾಲೆಂಡರಿನ ಮೇಲಿನ ದೇವರ ಮುಖದ ಮೇಲೆ ಹೋಗಿ ನಿಂತಿತು.

"ಇದಕ್ಕ ಮುಖಾನ ಸಿಗವಲ್ದು ನೋಡ್ರಿ ಮೇಡಂ. ನಿಮ್ಮ ಇಲಿಗೆ ಕಣ್ಣಿಲ್ಲ."

"ಗೊತ್ತೈತ್ರಿ. ಈ ಎಲ್ಲಾನೂ ಬಂದ್ ಮಾಡಾಕ ಬರ್ತೈತೇನ್ರಿ?"

"ಬಂದ್ ಯಾಕ ಮಾಡ್ತೀರಿ! ಅದಕ್ಕ ಅಲ್ಲೇನ್ರಿ ರೊಕ್ಕಾ ಕೊಡೋದು?"

ಇಲಿಯನ್ನು ಮತ್ತೆ ಡಬ್ಬಿಗೆ ಹಾಕಿಕೊಂಡು ಬಂದೆ.

ನಮ್ಮ ಹೆಡ್‌ಮಿಸ್ ಶಾಲೆಯ ಹಳೆಯ ಪುಟ್ಟ ಕ್ಯಾಮೆರಾ ಕೊಟ್ಟರು, ಮೂತಿ ಹೊರಗೆ ಚಾಚುವಂಥದ್ದು. ಬಣ್ಣವನ್ನು ಒಂದು ಕಡೆ ನಿಲ್ಲಿಸುವ ಗುಂಡಿ ಅದರಲ್ಲಿ ಇತ್ತು. ಮಣೆಯ ಮುಂದೆ ಒಂದು ಕಡೆ ಅದನ್ನು ಗಟ್ಟಿ ಕಟ್ಟಿ, ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಐದಾರು ಫೋಟೊ, ಭಾನುವಾರ ಇನ್ನಷ್ಟು. ಕಾಲು ಸರಿಸುವ ಕೆಲಸ ನಾನೇ ಮಾಡುತ್ತಿದ್ದೆ. ಅಪ್ಪನನ್ನು ಕರೆದರೆ "ನೀನ ಮಾಡು" ಎನ್ನುತ್ತಿದ್ದ. ಹೀಗೆ ಹದಿನೈದು ದಿನ ಆದ ಮೇಲೆ ಎಲ್ಲ ಫೋಟೊ ಕೂಡಿಸಿ, ಡಿಗ್ರಿಯಲ್ಲಿದ್ದಾಗ ಸಿಕ್ಕ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ.

ಇಲಿ ನಡೆಯುತ್ತಿತ್ತು. ಆದರೆ ನಡೆಯುತ್ತ ನಡೆಯುತ್ತ ಅದು ಸಣ್ಣದಾಗುತ್ತಿತ್ತು. ನಮ್ಮ ಕಡೆಗೇ ಬರುತ್ತಿದ್ದರೂ ದೂರ ಹೋಗುತ್ತಿದ್ದ ಹಾಗೆ, ಕನಸಿನಲ್ಲಿ ಜನ ಕಾಣುವ ಹಾಗೆ. ಮೊದಲು ಬದನೆಕಾಯಿ, ಕೊನೆಗೆ ಬೆಂಡೆಕಾಯಿ.

ನಾನು ಬಿ.ಎಸ್ಸಿ. ಭೌತಶಾಸ್ತ್ರ. ಹಾಳೆಯ ಮೇಲೆ ಲೆನ್ಸಿನ ಚಿತ್ರ ಬರೆದು, ಮೂತಿ ದಿನಾ ಒಂದಿಷ್ಟು ಒಳಗೆ ಜಾರುತ್ತಿದೆ, ಅದಕ್ಕೇ ಬಿಂಬ ಕಿರಿದಾಗುತ್ತಿದೆ ಎಂದು ಲೆಕ್ಕ ಮಾಡಿ ತೀರ್ಮಾನಿಸಿದೆ. ಕ್ಯಾಮೆರಾ, ಲ್ಯಾಪ್‌ಟಾಪ್, ಇಲಿಯ ಡಬ್ಬಿ ತಗೊಂಡು ಶನಿವಾರ ಮಧ್ಯಾಹ್ನ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ದಾದಾಪೀರ ಚಾಚಾ ಲಗ್ನದ ಫೋಟೊ ತೆಗೆಯುವವರು. ರೀಲಿನ ಕಾಲದಿಂದಲೂ ಅದೇ ಸ್ಟುಡಿಯೋ. ನನ್ನ ಡಿಗ್ರಿಯ ಫೋಟೊ ತೆಗೆದವರೂ ಅವರೇ. ಕಪ್ಪು ಗೌನು, ಟೊಪ್ಪಿಗೆ ಎಲ್ಲ ಸ್ಟುಡಿಯೋದ್ದೇ. ಟೊಪ್ಪಿಗೆ ದೊಡ್ಡದಾಗಿ ಕಣ್ಣ ಮೇಲೆ ಇಳಿಯುತ್ತಿತ್ತು. ಹಿಂದೆ ಪಿನ್ನು ಚುಚ್ಚಿ ನಿಲ್ಲಿಸಿದ್ದರು. ಆ ಫೋಟೊದಲ್ಲಿ ಅಪ್ಪ ನನ್ನ ಪಕ್ಕ ಮುಷ್ಟಿ ಬಿಗಿದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನಿಂತಿದ್ದಾನೆ.

ನನ್ನ ಲೆಕ್ಕವನ್ನು ಚಾಚಾ ಪೂರ್ತಿ ಕೇಳಿದರು. ಹಾಳೆಯನ್ನೂ ನೋಡಿದರು. ಆಮೇಲೆ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟರು.

"ಬೇಟಿ, ಇಲ್ಲಿ ಬಾಜೂಕ ಇರೋದೇನು?"

"ಕಡ್ಡಿಪೆಟ್ಟಿಗಿ, ಚಾಚಾ. ಇಲಿ ಮನಿ."

"ಮೊದಲ್ನೇ ದಿನ ಎಷ್ಟ ಇತ್ತು?"

"ಅಷ್ಟ ಇತ್ತು."

"ಈಗ?"

ನಾನು ನೋಡಿದೆ. ಕಡ್ಡಿಪೆಟ್ಟಿಗೆ ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ ಇತ್ತು.

"ಇದ್ಯಾವ ಲೆನ್ಸವಾ, ಕಡ್ಡಿಪೆಟ್ಟಿಗಿ ಬಿಟ್ಟು ಬರೇ ಇಲಿನ ಸಣ್ಣ ಮಾಡೋದು? ಬಿ.ಎಸ್ಸಿ.ಯಾಗ ಹೇಳಿಕೊಟ್ಟಾರೇನು?" ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಡಬ್ಬಿಯಿಂದ ಇಲಿಯನ್ನು ತೆಗೆದು ಬೆಳಕಿಗೆ ಹಿಡಿದು, ಉಗುರಿನಿಂದ ಒತ್ತಿ ನೋಡಿದರು. "ಕ್ಯಾಮೆರಾ ಸುಳ್ಳ ಹೇಳಿಲ್ಲ, ಗಂಗವ್ವಾ. ನಿನ್ನ ಇಲಿ ಖರೇನ ಸಣ್ಣ ಆಗೈತಿ. ಒಣಗಿಲ್ಲ, ಹಸೀನ ಐತಿ. ಮನ್ಯಾಗ ಯಾರರ ಇದನ್ನ ಸವಸಾಕತ್ತಾರ ನೋಡು."

ನಾನು ಲೆಕ್ಕದ ಹಾಳೆಯನ್ನು ಮಡಚಿದೆ. ಅವರು ಒಳಗೆ ಹೋಗಿ ಒಂದು ಚೀಲ ತಂದು ಮುಂದೆ ಇಟ್ಟರು. ಲಗ್ನಗಳನ್ನು ನೋಡಿ ನೋಡಿ ಸವೆದ ಕ್ಯಾಮೆರಾ. ಮೂಲೆಯಲ್ಲಿ ಕಪ್ಪು ಹೋಗಿ ಲೋಹ ಕಾಣುತ್ತಿತ್ತು. ಕೊರಳಪಟ್ಟಿಗೆ ಯಾವುದೋ ಮನೆಯ ಅರಿಷಿಣ ಹತ್ತಿತ್ತು. ಅದಕ್ಕೆ ಒಂದು ಉಂಗುರ ಕೂಡಿಸಿ ರೀಲಿನ ಕಾಲದ ಲೆನ್ಸು ಹಾಕಿದ್ದರು. ಬೆಳಕು ಎಷ್ಟು ಬರಬೇಕು, ದೃಷ್ಟಿ ಎಲ್ಲಿ ನಿಲ್ಲಬೇಕು, ಎರಡನ್ನೂ ಬೆರಳಿನಿಂದ ತಿರುಗಿಸಿಯೇ ಇಡಬೇಕು.

"ಇದಕ್ಕ ಈಗ ಸ್ವಂತ ಬುದ್ಧಿ ಇಲ್ಲ. ನೀ ಹೇಳಿದಷ್ಟ ಕೇಳ್ತೈತಿ. ಲಗ್ನಕ್ಕ ಇದು ಬರಂಗಿಲ್ಲ. ಮದುಮಗಳು ನಿಂತಲ್ಲಿ ನಿಂದ್ರಂಗಿಲ್ಲ, ಆಕಿ ಮಾವ ಅಂತೂ ನಿಂದ್ರಂಗೇ ಇಲ್ಲ. ಅಲ್ಲಿ ಬುದ್ಧಿ ಇರೋ ಕ್ಯಾಮೆರಾನ ಬೇಕು. ನಿನ್ನ ಇಲಿ ನಿಂದರತೈತಿ. ನಿಂತವರಿಗೆ ಇದರಂಥಾದ್ದು ಮತ್ತೊಂದಿಲ್ಲ."

ಬಿಳಿ ಹಾಳೆಯ ಫೋಟೊ ಮೊದಲು ಹೊಡೆದು ಬಣ್ಣ ನಿಲ್ಲಿಸುವುದು, ಗುಂಡಿ ಒತ್ತುವಾಗ ಅಲುಗದಂತೆ ವಾಯರಿನಿಂದ ಒತ್ತುವುದು, ಮೂರು ಕಾಲಿನ ಸ್ಟ್ಯಾಂಡಿಗೆ ಭಾರ ಕಟ್ಟುವುದು, ಎಲ್ಲ ಹೇಳಿಕೊಟ್ಟರು. "ಮೊದಲ ಒಯ್ದು ನೋಡು. ನಿನ್ನ ಕೈಗೆ ಹೊಂದಿದ್ರ ಆಮ್ಯಾಲೆ ಮಾತಾಡೋಣು" ಎಂದರು.

ಮರುದಿನ ಭಾನುವಾರ. ನಸುಕಿಗೇ ಎಚ್ಚರವಾಯಿತು. ಕೋಣೆಯ ಬಾಗಿಲಿನ ಹತ್ತಿರ ನಿಂತೆ. ಕಿಟಕಿಯಲ್ಲಿ ಬೆಳಕು ಇನ್ನೂ ಹಾಲಿನ ನೀರಿನ ಹಾಗಿತ್ತು. ಅಪ್ಪ ಮಣೆಯ ಮುಂದೆ ಕೂತಿದ್ದ. ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡಿದ್ದ. ಬಲಗೈಯಲ್ಲಿ ಒದ್ದೆ ಬಟ್ಟೆ. ಮೆಲ್ಲಗೆ, ಮಗುವಿನ ಮೈ ಒರೆಸುವ ಹಾಗೆ, ಇಲಿಯ ಬೆನ್ನನ್ನು ಒರೆಸುತ್ತಿದ್ದ. ನನ್ನ ಬೆರಳಿನ ಗುರುತು, ತನ್ನ ಬೆರಳಿನ ಗುರುತು, ಎಲ್ಲ ಅಳಿಸುತ್ತಿದ್ದ. ಫೋನ್ ಎಷ್ಟು ನುಣ್ಣಗೆ ಮಾಡಿತ್ತೋ ಅಷ್ಟು ನುಣ್ಣಗೆ. ಬಟ್ಟೆಗೆ ಹತ್ತಿದ ಮಣ್ಣನ್ನು ಬಟ್ಟಲಿನಲ್ಲಿ ಹಿಂಡಿದ. ಬಟ್ಟಲಿನಲ್ಲಿ ಹದಿನೈದು ದಿನದ ಇಲಿ ಕರಗಿ ಕೂತಿತ್ತು.

ನಾನು ಹಿಂದಕ್ಕೆ ಸರಿದು ಗೋಡೆಗೆ ಒರಗಿದೆ. ಒರೆಸಬೇಡ ಎಂದರೆ ಆ ಕೈ ಮತ್ತೆ ಕಂಕುಳಿಗೆ ಹೋಗುತ್ತದೆ, ಬಹುಶಃ ಇನ್ನೆಂದೂ ಹೊರಗೆ ಬರುವುದಿಲ್ಲ. ಒರೆಸಲು ಬಿಟ್ಟರೆ ಇಲಿ ಉಳಿಯುವುದಿಲ್ಲ. ನನಗೆ ತಿಳಿಯದೆ ಹದಿನೈದು ದಿನ ಅಪ್ಪ ಮಣ್ಣು ಮುಟ್ಟಿದ್ದ. ನಾನು ಲೆನ್ಸಿನ ಮೇಲೆ ತಪ್ಪು ಹೊರಿಸುತ್ತ ಕೂತಿದ್ದೆ.

ಬೆಳಕಾದ ಮೇಲೆ, ಏನೂ ಗೊತ್ತಿಲ್ಲದವಳ ಹಾಗೆ ಕರೆದೆ. "ಅಪ್ಪಾ, ಹೊಸಾ ಕ್ಯಾಮೆರಾ ತಂದೇನಿ. ಇಲಿ ಯಾಕೋ ಸೊರಗೇತಿ. ಒಂದೀಟ ಮಣ್ಣ ಹಚ್ಚಿ ಮೈ ತುಂಬಿಸಿ ಕೊಡು. ಆಮ್ಯಾಲೆ ನಾ ಒಂದೊಂದ ಫೋಟೊ ಹೊಡದಾಗೂ ಬೆನ್ನ ಮ್ಯಾಲೆ ಒಂದ ಸಲ ಒತ್ತು. ಒರಸಬ್ಯಾಡ."

"ಗುರುತ ಬೀಳ್ತಾವು."

"ಬೀಳಲಿ. ಕ್ಯಾಮೆರಾ ಪರೀಕ್ಷಾ ಮಾಡೋದೈತಿ."

ಪರೀಕ್ಷೆ ಎಂದದ್ದಕ್ಕೆ ಒಪ್ಪಿದ. ನಮ್ಮ ಮನೆಯಲ್ಲಿ ಆ ಮಾತಿಗೆ ಯಾವಾಗಲೂ ಮರ್ಯಾದೆ ಇತ್ತು. ಅವನು ಒತ್ತಿ ಕೈ ತೆಗೆಯುವುದು, ನಾನು ವಾಯರ್ ಒತ್ತುವುದು. ಟಕ್. ಮತ್ತೆ ಒತ್ತುವುದು. ಟಕ್. ನಡುಗುವ ಹೆಬ್ಬೆರಳು ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ ಬೀಳುತ್ತಿತ್ತು. ಇಪ್ಪತ್ತನಾಲ್ಕು ಫೋಟೊ ಆದ ಮೇಲೆ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿ ಓಡಿಸಿದೆ. ಎರಡು ಸೆಕೆಂಡು. ಮತ್ತೆ ಓಡಿಸಿದೆ.

ಮಣ್ಣಿಗೆ ಮಣ್ಣಿನದೇ ಬಣ್ಣ. ಹೆಬ್ಬೆಟ್ಟಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಗೆರೆಗಳು ಪ್ರತಿ ಫೋಟೊದಲ್ಲೂ ಬೇರೆ ಕಡೆ ಬಿದ್ದದ್ದರಿಂದ ಇಲಿಯ ಮೈ ಸುಮ್ಮನೆ ಇರಲಿಲ್ಲ. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು.

ಅಪ್ಪ ಮುಖವನ್ನು ಪರದೆಯ ಹತ್ತಿರ ತಂದ. "ಉಸರಾಡಾಕತ್ತೈತಿ" ಎಂದ. ಮತ್ತೆ, "ಗಂಗವ್ವಾ, ಇದು ಉಸರಾಡಾಕತ್ತೈತಿ."

"ನಿನ್ನ ಹೆಬ್ಬೆಟ್ಟಿನಿಂದ" ಎಂದೆ.

ಅವನು ತನ್ನ ಹೆಬ್ಬೆರಳನ್ನು ಎತ್ತಿ, ಬೇರೆ ಯಾರದೋ ಎನ್ನುವಂತೆ ನೋಡಿದ. ಗೋಡೆಗೆ ತಿಕ್ಕಲಿಲ್ಲ. ಮರುದಿನ ನಸುಕಿನಲ್ಲಿ ನಾನು ಎದ್ದು ನೋಡಿದಾಗ ಬಟ್ಟಲು ಖಾಲಿ ಇತ್ತು, ಬಟ್ಟೆ ಗೂಟಕ್ಕೆ ಒಣಗಿತ್ತು. ಚಾಚಾಗೆ ಫೋನ್ ಮಾಡಿ ಈ ಕ್ಯಾಮೆರಾ ನನಗೇ ಇರಲಿ ಎಂದೆ. ಮುಂದಿನ ಪಗಾರದಲ್ಲಿ ರೊಕ್ಕ ಕೊಟ್ಟು ಬಂದೆ.

ಆಮೇಲಿನ ವಾರಗಳು ನನಗೆ ಒಂದೇ ಉದ್ದನೆಯ ಬೆಳಗಿನ ಹಾಗೆ ನೆನಪಿವೆ. ಅಪ್ಪ ಕಾಲು ಸರಿಸುವುದು, ನಾನು ಟಕ್ ಅನ್ನಿಸುವುದು. ಮಾತು ಕಡಿಮೆ. ಸ್ಟ್ಯಾಂಡಿಗೆ ಅವ್ವನ ಒರಳು ಕಟ್ಟಿದ್ದೆವು. ಅವ್ವ ಚಟ್ನಿಗೆ ನೆರೆಮನೆಗೆ ಹೋಗುತ್ತಿದ್ದಳು. "ನಿಮ್ಮ ಇಲಿ ಸಲುವಾಗಿ ನಾ ಊರ ತುಂಬ ಒರಳ ಬೇಡಾಕತ್ತೇನಿ" ಎಂದು ಬೈಯುತ್ತಿದ್ದಳು, ಆದರೆ ಒರಳನ್ನು ತಿರುಗಿ ಕೇಳಲಿಲ್ಲ. ಒಮ್ಮೆ ಬಾಗಿಲಲ್ಲಿ ನಿಂತು, ಅಪ್ಪನ ಬಲಗೈ ಹೊರಗೇ ಇರುವುದನ್ನು ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಕೈಯ ಖಾರ ನೆನಪಾಗಿ ಬಿಟ್ಟಳು.

ಕೆಂಪು ಬೆಳಕನ್ನು ತಡೆಯಲು ಕಿಟಕಿಗೆ ಕಪ್ಪು ಬಟ್ಟೆ ಕಟ್ಟು ಎಂದಿದ್ದರು ಚಾಚಾ. ಕಟ್ಟಿದ್ದೆ. ಒಂದು ದಿನ ಅಪ್ಪನೇ ಅದನ್ನು ಬಿಚ್ಚಿದ. "ಇಲಿ ಕಿಟಕಿಗೆ ಬಂತಲ್ಲ, ಏನರ ಕಾಣಬೇಕಲ್ಲ ಅದಕ್ಕ" ಎಂದ. ಆ ದಿನ ಇಲಿಯನ್ನು ಸರಿಸಲೇ ಇಲ್ಲ. ಸುಮ್ಮನೆ ಕೂರಿಸಿ, ಬೆಳಗಿನಿಂದ ಹೊತ್ತು ಇಳಿಯುವ ತನಕ ನಿಮಿಷಕ್ಕೊಂದು ಫೋಟೊ ಹೊಡೆದೆ. ಈ ಕ್ಯಾಮೆರಾ ಏನನ್ನೂ ತಿದ್ದಲಿಲ್ಲ. ಕೆಳಗೆ ಮೆಣಸಿನಕಾಯಿ ಹರವಿದಂತೆಲ್ಲ ಕೆಂಪು ಇಲಿಯ ಪಾದದಿಂದ ಏರಿ, ಹೊಟ್ಟೆ ಹತ್ತಿ, ಕಿವಿಯ ತನಕ ಬಂತು. ಹೆಂಗಸರ ನೆರಳು ಅದರ ಮೇಲೆ ಹಾದುಹೋದವು. ಅದರಲ್ಲಿ ಒಂದು ಅವ್ವನದು, ಬುಟ್ಟಿ ಹೊತ್ತದ್ದು. ಮಧ್ಯಾಹ್ನ ಇಡೀ ಕೋಣೆ ಕೆಂಡದೊಳಗೆ ಇದ್ದ ಹಾಗಿತ್ತು. ಅಪ್ಪ, ನಾನು, ಇಲಿ ಮೂವರೂ ಅದರಲ್ಲಿ ಕೂತಿದ್ದೆವು. ನನಗೆ ನಿದ್ದೆಯೂ ಇರಲಿಲ್ಲ, ಎಚ್ಚರವೂ ಇರಲಿಲ್ಲ. ಬಡತನವನ್ನು ನಾನು ಮರೆತವಳಲ್ಲ. ಆದರೂ ಅಂಥ ಶ್ರೀಮಂತ ಬೆಳಕಿನಲ್ಲಿ ನಾನು ಮತ್ತೆಂದೂ ಕೂತಿಲ್ಲ.

ಯುಗಾದಿಯ ಹೊತ್ತಿಗೆ ಕಣ ಖಾಲಿಯಾಯಿತು. ಬೆಳಕು ಬೆಳ್ಳಗಾಯಿತು. ಇಲಿ ಕಿಟಕಿಯಲ್ಲಿ ಕೂತೇ ಇತ್ತು. ಮುಂದೇನು ಎಂದು ನನಗೆ ಆಗಲೂ ಗೊತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವ್ವ ರೊಟ್ಟಿ ಕೊಟ್ಟರೆ ಅಪ್ಪ ತಟ್ಟೆಯನ್ನು ಬದಿಗೆ ಸರಿಸಿದ. ತಲೆ ಇನ್ನೂ ಒದ್ದೆಯಾಗಿತ್ತು.

"ಜಳಕಾ ಮಾಡೇನಿ" ಎಂದ. "ಏನೂ ತಿಂದಿಲ್ಲ."

ಅವ್ವ ತಟ್ಟೆ ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದಳು. ನಾನು ಕ್ಯಾಮೆರಾ ಹತ್ತಿರ ಹೋಗಿ ನಿಂತೆ. ಲೆನ್ಸನ್ನು ಇಲಿಯ ಮುಖಕ್ಕೆ ತಿರುಗಿಸಿ ನಿಲ್ಲಿಸಿದೆ.

ಅಪ್ಪ ಹಳೆಯ ಡಬ್ಬಿಯಿಂದ ನಾಲ್ಕೈದು ಕೂದಲಿನ ಕುಂಚ ತೆಗೆದ. ಮಸಿಯಲ್ಲಿ ಅದ್ದಿದ. ಕುಂಚದ ತುದಿ ಗಾಳಿಯಲ್ಲಿ ಅಡ್ಡಾಡಿತು. ಗೆರೆ ಎಳೆಯಲು ಹೋಗಲಿಲ್ಲ ಅವನು. ಕಾಯುತ್ತಿದ್ದ. ನಡುಕ ಒಂದು ಬಂದು, ಇನ್ನೊಂದು ಬರುವುದರೊಳಗೆ ಒಂದು ಗಳಿಗೆ ಇರುತ್ತದೆ; ಆ ಗಳಿಗೆಯಲ್ಲಿ ಒಂದು ಚುಕ್ಕೆ ಇಟ್ಟು ಕೈ ತೆಗೆದ. ನಾನು ಒತ್ತಿದೆ. ಟಕ್. ಮತ್ತೆ ಕಾದ. ಮತ್ತೊಂದು ಚುಕ್ಕೆ. ಟಕ್. ಒಂದು ಚುಕ್ಕೆಗೆ ಒಮ್ಮೊಮ್ಮೆ ಐದು ನಿಮಿಷ ಹಿಡಿಯಿತು. ಚುಕ್ಕೆಗೆ ಚುಕ್ಕೆ ಕೂಡಿ ರೆಪ್ಪೆ ಆಯಿತು, ಕೆಳಗಿನ ಅಂಚು ಆಯಿತು, ನಡುವೆ ಕರಿ ತುಂಬಿತು. ಎರಡೂ ಕಣ್ಣಿಗೆ ಕೊನೆಯಲ್ಲಿ ಒಂದೊಂದು ಬಿಳಿಯ ಕಿಡಿ. ಮಧ್ಯಾಹ್ನ ಆಗಿತ್ತು.

"ಒದ್ದಿ ಬಟ್ಟಿ ಕೊಡು" ಎಂದ ಅಪ್ಪ.

ಗೂಟದಿಂದ ಬಟ್ಟೆ ತೆಗೆದು ನೀರಿನಲ್ಲಿ ಅದ್ದಿ ಕೊಟ್ಟೆ, ಕೊಡದೆ ಇರಲಾರದೆ. ಅವನು ಅದರಿಂದ ಇಲಿಯನ್ನು ಮುಟ್ಟಲಿಲ್ಲ. ತನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಕೈಯನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟ. ಅದು ನಡುಗುತ್ತಿತ್ತು. ನಡುಗಲು ಬಿಟ್ಟ.

ಇನ್ನು ಇಲಿಗೆ ಕೈ ಹಚ್ಚುವಂತಿರಲಿಲ್ಲ. ಹಾಗಾಗಿ ಪಿಕ್ಚರು ಅಲ್ಲಿಗೇ ಮುಗಿಯಿತು. ಮುಂದಿನ ಚೌತಿಯಲ್ಲಿ ಅದೂ ಕೆರೆಗೆ ಹೋಯಿತು. ಆದರೆ ಆ ಮಧ್ಯಾಹ್ನ ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತು ನೋಡಿದೆವು. ಕುರುಡು ಇಲಿಯ ಮುಖದ ಮೇಲೆ ಎಲ್ಲಿಂದಲೋ ಒಂದು ಚುಕ್ಕೆ ಹುಟ್ಟಿತು, ಅದರ ಪಕ್ಕ ಇನ್ನೊಂದು. ಕೈ ಇಲ್ಲ, ಕುಂಚ ಇಲ್ಲ. ಒಂದೇ ಉಸಿರಿನಲ್ಲಿ ಕಣ್ಣು ತೆರೆದು ಅದು ನಮ್ಮನ್ನು ನೋಡಿತು.

"ಯಾರ ಬರದಾರಿದನ್ನ? ಕೈನ ಕಾಣವಲ್ದು" ಎಂದಳು ಅವ್ವ.

ಅಪ್ಪ ಮತ್ತೊಮ್ಮೆ ಹಚ್ಚು ಎಂದು ಸನ್ನೆ ಮಾಡಿದ. ನಾಲ್ಕು ಸಲ ನೋಡಿದ. ಆಮೇಲೆ ಎದ್ದು ಮೂಲೆಗೆ ಹೋಗಿ, ಗೋಣಿಚೀಲ ಎತ್ತಿ, ಬಿರಿದ ಗುಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಗಂಗವ್ವಾ" ಎಂದ, "ಇದಕ್ಕ ಒಂದ ಕೊಡ ನೀರ ಹಾಕವಾ."